ಮೆಷಿನ್‌ಗೆ ರಕ್ತ ಕೊಡುತ್ತಿದ್ದವರು

ಬೇರೆ ರಿಪೇರಿಯವರು ಬಂದರೆ ಮೊದಲು ಟೂಲ್ ಬ್ಯಾಗಿನ ಜಿಪ್ ಎಳೆಯುತ್ತಾರೆ. ಈ ಮನುಷ್ಯ ಬಂದರೆ ಮೊದಲು ಅಂಗಿಯ ಎಡತೋಳು ಮಡಚುತ್ತಿದ್ದರು. ಮಡಚಿ, ರಕ್ತ ತೆಗೆಯುವ ಕುರ್ಚಿಯಲ್ಲಿ ತಾವೇ ಹೋಗಿ ಕೂತು, "ತಗೊಳಿ ಮೇಡಂ, ಎರಡು ಎಂಎಲ್. ನಿಮ್ಮ ಮೆಷಿನ್‌ಗೆ ತಿಂಡಿ ಟೈಮ್ ಆಯ್ತು" ಅನ್ನುತ್ತಿದ್ದರು. ಹೊರಗೆ ಬೆಂಚಿನ ಮೇಲೆ ಖಾಲಿ ಹೊಟ್ಟೆಯಲ್ಲಿ ಕಾಯುತ್ತ ಕೂತವರು, ಯಾರಪ್ಪಾ ಇವನು, ಕ್ಯೂ ತಪ್ಪಿಸಿ ಒಳಗೆ ನುಗ್ಗಿದನಲ್ಲ ಅಂತ ಗೊಣಗುತ್ತಿದ್ದರು.

ಅವರು ಹೋಗಿ ಇನ್ನೂ ತಿಂಗಳು ತುಂಬಿಲ್ಲ. ಹೆಸರು ಬರೆಯುವುದಿಲ್ಲ. ಬರೆದರೆ ಮಾಗಡಿ ರಸ್ತೆಯ ಲ್ಯಾಬಿನವರಿಗೆಲ್ಲ ತಕ್ಷಣ ಗೊತ್ತಾಗುತ್ತದೆ, ಆಮೇಲೆ ನನಗೆ ಫೋನಿನ ಮೇಲೆ ಫೋನು. ಅವರಿಗೆ ಹೆದರಿ ಅಲ್ಲ. ನನ್ನ ಬಾಯಿ ಸರಿಯಿಲ್ಲ, ಫೋನಿನಲ್ಲಿ ಸಿಕ್ಕಿದವರಿಗೆ ಏನಾದರೂ ಅಂದುಬಿಡುತ್ತೇನೆ. ಅದಕ್ಕೇ ಬೇಡ.

ಕಾಮಾಕ್ಷಿಪಾಳ್ಯದಲ್ಲಿ ನನ್ನದೊಂದು ಸಣ್ಣ ಲ್ಯಾಬ್ ಇದೆ. ಕೆಳಗೆ ಬೇಕರಿ, ಮೇಲೆ ಹೊಲಿಗೆ ಯೂನಿಟ್, ನಡುವೆ ನಾನು ಮತ್ತು ನನ್ನ ಫ್ರಿಜ್ಜು. ರಕ್ತ, ಮೂತ್ರ, ಸಕ್ಕರೆ, ಥೈರಾಯ್ಡ್, ಜ್ವರದ ಕಾಲ ಬಂದರೆ ಡೆಂಗಿ. ಬರುವವರೆಲ್ಲ ಗಾರ್ಮೆಂಟ್ಸಿನ ಹೆಂಗಸರು, ಲೇತಿನ ಕೆಲಸದವರು, ಗಾಡಿಯ ಮೇಲೆ ಊಟ ಹಂಚುವ ಹುಡುಗರು. ಇಂಥ ಲ್ಯಾಬುಗಳು ರಾಜಾಜಿನಗರದಿಂದ ಸುಂಕದಕಟ್ಟೆವರೆಗೆ, ಆ ಕಡೆ ಕೆಂಗೇರಿವರೆಗೆ ಗಲ್ಲಿಗೊಂದು ಇವೆ. ಅವುಗಳಲ್ಲಿರುವ ರಕ್ತಕಣ ಎಣಿಸುವ ಮೆಷಿನ್‌ಗಳು ಹೆಚ್ಚಿನವು ಹಳೆಯವು, ದೊಡ್ಡ ಆಸ್ಪತ್ರೆಗಳು ಬಳಸಿ ಬಿಟ್ಟವು. ಅವನ್ನೆಲ್ಲ ನಡೆಸುತ್ತಿದ್ದವರು ಈ ಮನುಷ್ಯ. ಮೊದಲು ಯಾವುದೋ ಕಂಪನಿಯ ಸರ್ವಿಸ್ ಇಂಜಿನಿಯರ್ ಆಗಿದ್ದರು. ಕಂಪನಿ ಇಲ್ಲಿಂದ ಗಂಟುಮೂಟೆ ಕಟ್ಟಿದ ಮೇಲೆ ಒಂದು ಸ್ಕೂಟರು, ಒಂದು ಬ್ಯಾಗು ಇಟ್ಟುಕೊಂಡು ತಾವೇ ಶುರು ಮಾಡಿದರು.

ಆ ಮೆಷಿನ್ ಹೇಗೆ ಕೆಲಸ ಮಾಡುತ್ತದೆ ಅಂತ ನನಗೆ ಕಾಲೇಜಿನಲ್ಲಿ ಹೇಳಿಕೊಟ್ಟಿದ್ದರು. ಅರ್ಥವಾಗಿದ್ದು ಇವರು ಹೇಳಿದ ಮೇಲೆ. ಒಂದು ದಿನ ಮುಚ್ಚಳ ಬಿಚ್ಚಿಟ್ಟು, ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ತೂತಿರುವ ಒಂದು ಕಲ್ಲಿನ ಬಿಲ್ಲೆ ತೋರಿಸಿದರು. "ಇದರ ಎರಡೂ ಕಡೆ ಉಪ್ಪುನೀರು ಮೇಡಂ. ಈ ಕಡೆ ಒಂದು ತಂತಿ, ಆ ಕಡೆ ಒಂದು ತಂತಿ. ತೂತಿನ ಮೂಲಕ ಸಣ್ಣದಾಗಿ ಕರೆಂಟ್ ಹರೀತಾ ಇರತ್ತೆ. ರಕ್ತನ ಈ ನೀರಲ್ಲಿ ಕಲಸಿ ತೂತಿಂದ ಎಳೀತೀವಿ. ಒಂದೊಂದೇ ಕಣ ನುಸುಳುವಾಗ ಕರೆಂಟ್‌ಗೆ ಒಂದು ಕ್ಷಣ ಅಡ್ಡ ಬರತ್ತೆ. ಎಷ್ಟು ಸಲ ಅಡ್ಡ ಬಂತೋ ಅಷ್ಟು ಕಣ. ಎಷ್ಟು ಜೋರಾಗಿ ಅಡ್ಡ ಬಂತೋ ಅಷ್ಟು ದಪ್ಪ. ಸಿಟಿ ಬಸ್ಸಿನ ಬಾಗಿಲು ನೋಡಿದೀರಲ್ಲ? ನಾನು ಹತ್ತಿದ್ರೆ ಪಕ್ಕದಲ್ಲಿ ಇನ್ನೊಬ್ಬ ನುಗ್ತಾನೆ. ನಮ್ಮ ಬೇಕರಿ ಅಣ್ಣ ಹತ್ತಿದ್ರೆ ಬೆಳಕೇ ಬರಲ್ಲ. ಅಷ್ಟೇ."

ಕೆಳಗಿನ ಬೇಕರಿಯಣ್ಣನ ಗಾತ್ರ ನೆನೆದು ನಾನು ನಕ್ಕಿದ್ದೇ ನಕ್ಕಿದ್ದು.

ಮೆಷಿನ್ ರಿಪೇರಿಯಾದ ಮೇಲೆ ಅದು ಸರಿಯಾಗಿ ಎಣಿಸುತ್ತಿದೆಯೋ ಇಲ್ಲವೋ ಅಂತ ತಿಳಿಯಲು ಒಂದು ಗೊತ್ತಿರುವ ರಕ್ತ ಬೇಕು. ಅದಕ್ಕೆಂದೇ ಕಂಪನಿಗಳು ಸೀಸೆಯಲ್ಲಿ ರಕ್ತ ಮಾಡಿ ಮಾರುತ್ತವೆ. ಅದು ಐಸಿನ ಡಬ್ಬಿಯಲ್ಲಿ ಬರಬೇಕು, ಬೇಗ ಕೆಡುತ್ತದೆ, ನಮ್ಮಂಥವರ ಕೈಗೆ ಎಟುಕುವುದಿಲ್ಲ. ಇವರು ಅದಕ್ಕೆ ತಮ್ಮದೇ ಉಪಾಯ ಕಂಡುಕೊಂಡಿದ್ದರು. ಕಂಪನಿಯಲ್ಲಿದ್ದಾಗ ತಮ್ಮ ರಕ್ತವನ್ನು ಒಳ್ಳೆಯ ಮೆಷಿನ್‌ಗಳಲ್ಲಿ ಎಷ್ಟೋ ಸಲ ಓಡಿಸಿ ನೋಡಿದ್ದರು. ಕೆಂಪುಕಣ ಇಷ್ಟು, ಅದರ ಗಾತ್ರ ಇಷ್ಟು, ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್ಲೆಟ್ ಇಷ್ಟು. ಮನೆಯ ನಂಬರಿನ ಹಾಗೆ ಅವು ಅವರಿಗೆ ಬಾಯಿಪಾಠ. ಆದ್ದರಿಂದ ಎಲ್ಲಿ ಹೋದರೂ ತೋಳು ಮಡಚಿ ತಮ್ಮ ರಕ್ತ ತೆಗೆಸಿ ಮೆಷಿನ್‌ಗೆ ಕೊಡುವುದು, ಅದು ಬೇರೆ ನಂಬರ್ ತೋರಿಸಿದರೆ ಒಳಗಿನ ಫ್ಯಾಕ್ಟರ್, ಅಂದರೆ ಮೆಷಿನ್ ತನ್ನ ಎಣಿಕೆಯನ್ನು ಗುಣಿಸುವ ಅಂಕಿ, ಬದಲಾಯಿಸಿ ತಮ್ಮ ನಂಬರಿಗೆ ತಂದು ನಿಲ್ಲಿಸುವುದು. ಈ ಭಾಗದ ಸಣ್ಣ ಲ್ಯಾಬುಗಳಲ್ಲಿ ಇದು ಹೀಗೇ ನಡೆಯುತ್ತಿತ್ತು, ಯಾರಿಗೂ ವಿಚಿತ್ರ ಅನ್ನಿಸಿರಲಿಲ್ಲ.

"ನಿಮಗೊಂದು ಜ್ವರ, ನೆಗಡಿ ಬಂದ್ರೆ ಏನ್ರೀ ಕತೆ?" ಅಂತ ಒಮ್ಮೆ ಕೇಳಿದ್ದೆ.

"ಜ್ವರ ಬಂದ್ರೆ ಕೆಲಸಕ್ಕೇ ಬರಲ್ಲ ಮೇಡಂ. ಬೀಡಿ ಇಲ್ಲ, ಸಿಗರೇಟ್ ಇಲ್ಲ, ಬೇರೇದೂ ಇಲ್ಲ. ಬೆಂಗ್ಳೂರಲ್ಲಿ ಎಲ್ಲ ಬದಲಾಯ್ತು, ನನ್ನ ರಕ್ತ ಮಾತ್ರ ಹಂಗೇ ಇದೆ" ಅಂದು ಎದೆ ತಟ್ಟಿಕೊಂಡರು. ಅವರಿಗೆ ಇದ್ದ ಜಂಬ ಅದೊಂದೇ. ಬೇರೆ ವಿಷಯಕ್ಕೆ ಪಾಪ, ಬಾಯಿಲ್ಲದ ಮನುಷ್ಯ. ಬೇಕರಿಯವನು ಹಳೇ ಪಫ್ಸ್ ಕೊಟ್ಟರೂ ಸುಮ್ಮನೆ ತಿಂದು ಬರುತ್ತಿದ್ದರು.

ಇನ್ನೊಂದು ಅಭ್ಯಾಸ ಹೇಳಬೇಕು. ಯಾರದಾದರೂ ರಿಪೋರ್ಟ್ ಕೈಗೆ ಕೊಟ್ಟರೆ ನಾವೆಲ್ಲ ನಂಬರ್ ನೋಡುತ್ತೇವೆ. ಅವರು ಕನ್ನಡಕ ಹಾಕಿಕೊಂಡು ಮೊದಲು ಕಾಗದದ ತುದಿಯಲ್ಲಿರುವ ಲ್ಯಾಬಿನ ಹೆಸರು ಓದುತ್ತಿದ್ದರು. "ಯಾವ ಮೆಷಿನ್ ಅಂತ ಗೊತ್ತಾದ್ಮೇಲೆ ನಂಬರ್‌ಗೊಂದು ಅರ್ಥ ಬರೋದು ಮೇಡಂ" ಅನ್ನುವುದು ಅವರ ಮಾತು. ನನ್ನ ಅತ್ತೆಯ ರಿಪೋರ್ಟ್ ತೋರಿಸಿದಾಗಲೂ ಹಾಗೆಯೇ ಮಾಡಿದರು, "ಇದು ಸ್ವಲ್ಪ ಜಾಸ್ತಿ ತೋರಿಸೋ ಮೆಷಿನ್ನು, ಗಾಬರಿ ಬೇಡ" ಅಂದರು. ಅತ್ತೆ ಆವತ್ತಿನಿಂದ ಅವರನ್ನು ಡಾಕ್ಟರ್ ಅಂತಲೇ ಕರೆಯುತ್ತಿದ್ದರು.

ಈ ಎರಡು ವರ್ಷದಿಂದ ಅವರು ಉಪ್ಪುನೀರಿನ ಮೇಲೆ ಸಿಟ್ಟಾಗಿದ್ದರು. ರಕ್ತ ಕಲಸುವ ಆ ನೀರನ್ನು ನಾವು ಕ್ಯಾನಿನಲ್ಲಿ ಕೊಳ್ಳುತ್ತೇವೆ. ಪೀಣ್ಯದ ಕಡೆಯಿಂದ ಒಬ್ಬ ತಂದುಕೊಡುತ್ತಿದ್ದ. ನೀರಿನಲ್ಲಿ ಉಪ್ಪು ಕಡಿಮೆಯಾದರೆ ಕೆಂಪುಕಣ ನೀರು ಕುಡಿದು ಉಬ್ಬುತ್ತವೆ, ಮೆಷಿನ್ ಅವನ್ನು ಇದ್ದದ್ದಕ್ಕಿಂತ ದಪ್ಪ ಅಂತ ಅಳೆಯುತ್ತದೆ. ಒಂದು ಸಲ ನಮ್ಮಲ್ಲಿ ಇವರ ರಕ್ತದ ಕಣ ದಪ್ಪ ಬಂತು. ಮರುವಾರ ರಾಜಾಜಿನಗರದಲ್ಲಿ ಬಂತು. ವಿಜಯನಗರದಲ್ಲೂ ಬಂತು. "ನೀರಿನವನು ಉಪ್ಪು ಕದೀತಾ ಇದಾನೆ ಮೇಡಂ!" ಅಂತ ಕೆರಳಿ, ಕ್ಯಾನ್ ತರುವವನನ್ನು ಮೆಟ್ಟಿಲ ಮೇಲೆ ತಡೆದು ನಿಲ್ಲಿಸಿ ಬೈದುಬಿಟ್ಟರು. ಬಾಯಿಲ್ಲದ ಮನುಷ್ಯ ಬೈದಿದ್ದು ನೋಡಿ ನನಗೆ ತಮಾಷೆಯೆನಿಸಿತ್ತು. ನೀರಿನವನು, "ಅಣ್ಣ, ಎಲ್ಲರಿಗೂ ಇದೇ ನೀರು ಕೊಡ್ತಾ ಇರೋದು, ಬೇರೆ ಯಾರೂ ಏನೂ ಅಂದಿಲ್ಲ" ಅಂತ ಅಳುಮುಖ ಮಾಡಿದ.

ಆಮೇಲೆ ಪ್ಲೇಟ್ಲೆಟ್ ಕಡಿಮೆ ಬರತೊಡಗಿತು. ಅದಕ್ಕೆ ಬೇರೆ ಕಾರಣ ಸಿಕ್ಕಿತು. ತೂತಿನ ಅಂಚು ಸವೆದಿದೆ, ತಂತಿಗಳು ಹಳೆಯವು, ಪ್ಲೇಟ್ಲೆಟ್ ಎಲ್ಲಕ್ಕಿಂತ ಸಣ್ಣ ಕಣವಾದ್ದರಿಂದ ಮೊದಲು ತಪ್ಪಿಸಿಕೊಳ್ಳುವುದು ಅದೇ. ಬಿಲ್ಲೆ ಬದಲಾಯಿಸಿದರು, ತಂತಿ ಬದಲಾಯಿಸಿದರು. ಆದರೂ ಕಡಿಮೆ. ಕೊನೆಗೆ ಫ್ಯಾಕ್ಟರ್ ಸ್ವಲ್ಪ ಏರಿಸಿ ತಮ್ಮ ಹಳೆಯ ನಂಬರಿಗೆ ತಂದು, "ಈಗ ಸರಿಹೋಯ್ತು" ಅಂತ ತೋಳು ಇಳಿಸಿ ಹೊರಟರು. ಮುಂದಿನ ಸಲ ಬಂದಾಗ ಇನ್ನೂ ಸ್ವಲ್ಪ ಏರಿಸಿದರು. ಹೀಗೆ ನನ್ನಲ್ಲಿ ಮಾತ್ರವಲ್ಲ, ಹೋದ ಕಡೆಯಲ್ಲೆಲ್ಲ.

ಕಳೆದ ಮಳೆಗಾಲದಲ್ಲಿ ಡೆಂಗಿ ಜೋರಾಯಿತು. ಮೇಲಿನ ಹೊಲಿಗೆ ಯೂನಿಟ್ಟಿನಲ್ಲಿ ಕೆಲಸ ಮಾಡುವ ರಾಯಚೂರು ಕಡೆಯ ಹೆಂಗಸೊಬ್ಬಳು ತನ್ನ ಮಗಳನ್ನು ಕರೆತಂದಳು. ನಮ್ಮಲ್ಲಿ ಪ್ಲೇಟ್ಲೆಟ್ ಅರವತ್ತು ಸಾವಿರ ಬಂತು. ಕಡಿಮೆಯೇ, ಆದರೆ ಹೆದರುವಷ್ಟಲ್ಲ, ನೀರು ಕುಡಿಸಿ ನಾಳೆ ಮತ್ತೆ ನೋಡೋಣ ಅಂತ ಅವರ ಡಾಕ್ಟರು ಮನೆಗೆ ಕಳಿಸಿದರು. ಅದೇ ದಿನ ಸಂಜೆ ಹುಡುಗಿಯ ಒಸಡಿನಲ್ಲಿ ರಕ್ತ ಬಂತು. ಆಸ್ಪತ್ರೆಗೆ ಹೊತ್ತುಕೊಂಡು ಓಡಿದರೆ ಅಲ್ಲಿ ನಲವತ್ತೂ ಇರಲಿಲ್ಲ. ಹುಡುಗಿ ಉಳಿದಳು, ದೇವರು ದೊಡ್ಡವನು. ಡಿಸ್ಚಾರ್ಜ್ ಆದ ದಿನವೇ ಆ ತಾಯಿ ನನ್ನ ಲ್ಯಾಬಿಗೆ ಬಂದಳು.

"ಮುಂಜಾನಿ ಅರವತ್ತು, ಸಂಜಿಗೆ ನಲವತ್ತೂ ಇಲ್ಲ. ಇದೆಂಥಾ ಮಷೀನ್ರಿ ನಿಮ್ದು? ನಿಮ್ಮ ಕಾಗದ ನಂಬಿ ನಾ ಕುಂತಿದ್ರ ನನ್ನ ಕೂಸು ಉಳೀತಿರ್ಲಿಲ್ಲ ನೋಡ್ರಿ!"

ಡೆಂಗಿಯಲ್ಲಿ ಬೇಗ ಇಳಿಯುತ್ತದೆ ಅಂತ ಏನೇನೋ ಹೇಳಿ ಕಳಿಸಿದೆ. ಹೇಳುವಾಗಲೇ ನನಗೆ ನನ್ನ ಮಾತಿನ ಮೇಲೆ ನಂಬಿಕೆ ಬರಲಿಲ್ಲ. ಅವರಿಗೆ ಫೋನ್ ಮಾಡಿ, "ತಕ್ಷಣ ಬನ್ನಿ, ನಿಮ್ಮ ಮೆಷಿನ್ ನನ್ನ ಮಾನ ಕಳೀತು" ಅಂದೆ.

ಬಂದರು. ಮೆಟ್ಟಿಲು ಹತ್ತುವಷ್ಟರಲ್ಲಿ ಏದುಸಿರು ಬಿಡುತ್ತಿದ್ದರು. ಮುಖ ಸ್ವಲ್ಪ ಬಿಳಿಚಿದೆ ಅನ್ನಿಸಿತು, ಮಳೆಯಲ್ಲಿ ಸ್ಕೂಟರಿನಲ್ಲಿ ಬಂದಿದ್ದಕ್ಕೆ ಇರಬೇಕು ಅಂದುಕೊಂಡೆ. ತೋಳು ಮಡಚಿದರು. ನಾನು ರಕ್ತ ತೆಗೆದೆ. ಮೆಷಿನ್ ಅವರ ಹಳೆಯ ನಂಬರನ್ನೇ ಪಟಪಟನೆ ತೋರಿಸಿತು.

"ನೋಡಿ, ಕರೆಕ್ಟಾಗಿದೆ. ಆಸ್ಪತ್ರೆ ಮೆಷಿನ್ನೇ ಕಮ್ಮಿ ಹೊಡೀತಾ ಇದೆ."

"ಅಷ್ಟು ದೊಡ್ಡ ಆಸ್ಪತ್ರೇಲಿ ದಿನಾ ಸೀಸೆ ರಕ್ತ ಹಾಕಿ ಚೆಕ್ ಮಾಡ್ತಾರೆ. ಅಲ್ಲಿ ಹೆಂಗ್ರೀ ತಪ್ಪಾಗತ್ತೆ?" ಅಂತ ರೇಗಿದೆ. "ಇರಿ, ನನ್ನ ರಕ್ತಾನೂ ಹಾಕಿ ನೋಡೋಣ."

ನನ್ನದು ಎರಡು ಟ್ಯೂಬ್, ಅವರದು ಎರಡು ಟ್ಯೂಬ್. ಒಂದೊಂದು ಇಲ್ಲಿ ಓಡಿಸಿ, ಇನ್ನೊಂದೊಂದನ್ನು ಆ ಆಸ್ಪತ್ರೆಯ ಲ್ಯಾಬಿನಲ್ಲಿರುವ ನನ್ನ ಗೆಳತಿಗೆ ಆಟೋದಲ್ಲಿ ಕಳಿಸಿದೆ. ಅವಳು ಫೋನಿನಲ್ಲಿ ನಂಬರ್ ಓದಿದಳು. ನನ್ನ ಪ್ಲೇಟ್ಲೆಟ್ ಅಲ್ಲಿಗಿಂತ ಇಲ್ಲಿ ಅರ್ಧದಷ್ಟು ಜಾಸ್ತಿ. ಹಾಗಾದರೆ ನಮ್ಮ ಮೆಷಿನ್ನೇ ಏರಿಸಿ ಹೇಳುತ್ತಿದೆ. ಅವರದು ಇಲ್ಲಿ ಸರಿಯಾಗಿದೆ, ಅಲ್ಲಿ ತೀರಾ ಕಡಿಮೆ. ಗೆಳತಿ ಕೊನೆಗೆ, "ಯಾರೇ ಅದು ಎರಡನೇ ಪೇಷೆಂಟು? ಬೇಗ ಡಾಕ್ಟರ್‌ಗೆ ತೋರಿಸ್ಬೇಕು ಅಂತ ಹೇಳು" ಅಂದಳು.

ನಾನು ಅವರ ರಕ್ತದ ಒಂದು ಹನಿ ಗಾಜಿನ ಮೇಲೆ ಎಳೆದು, ಬಣ್ಣ ಹಾಕಿ, ಮೈಕ್ರೋಸ್ಕೋಪಿನ ಕೆಳಗಿಟ್ಟೆ. ಆಗ ನನಗೆ ಹೊಳೆಯಿತು. ಇಷ್ಟು ವರ್ಷ ಈ ಮನುಷ್ಯನ ರಕ್ತವನ್ನು ವಾರವಾರವೂ ತೆಗೆದಿದ್ದೇವೆ, ಹತ್ತಾರು ಲ್ಯಾಬುಗಳಲ್ಲಿ ಓಡಿಸಿದ್ದೇವೆ, ಒಬ್ಬರೂ ಅದನ್ನು ಕಣ್ಣಿಟ್ಟು ನೋಡಿಲ್ಲ. ನೋಡುವುದಕ್ಕೆ ಯಾರಿಗೂ ಕಾರಣವಿರಲಿಲ್ಲ. ಪರೀಕ್ಷೆ ಆಗುತ್ತಿದ್ದದ್ದು ಮೆಷಿನ್‌ಗೆ. ಗಾಜಿನ ಮೇಲೆ ಕೆಂಪುಕಣಗಳು ಮೊಟ್ಟೆಯಾಕಾರಕ್ಕೆ ಊದಿಕೊಂಡಿದ್ದವು. ಪ್ಲೇಟ್ಲೆಟ್ ಅಲ್ಲೊಂದು ಇಲ್ಲೊಂದು. ನಡುನಡುವೆ, ರಕ್ತದಲ್ಲಿ ಕಾಣಿಸಿಕೊಳ್ಳಲೇಬಾರದ ಬಲಿಯದ ಬಿಳಿಕಣಗಳು. ನೀರಿನವನು ಉಪ್ಪು ಕದ್ದಿರಲಿಲ್ಲ.

ಅವರು ನನ್ನ ಹಿಂದೆಯೇ ನಿಂತಿದ್ದರು. ಹೇಳದೆ ಬೇರೆ ದಾರಿಯಿರಲಿಲ್ಲ, ಹೇಳಿದೆ. ಕುರ್ಚಿ ಎಳೆದುಕೊಂಡು ಕೂತರು. ಮಡಚಿದ ತೋಳನ್ನು ಇಳಿಸಿ ಗುಂಡಿ ಹಾಕಿಕೊಂಡರು. ಆಮೇಲೆ ಅಂದರು, "ಮೇಡಂ, ಹೋದ ವಾರ ಕೆಂಗೇರೀಲಿ ಎರಡು ಮೆಷಿನ್ ಸೆಟ್ ಮಾಡಿದೀನಿ."

"ರೀ, ನಿಮ್ಮ ಮೆಷಿನ್ ಹಾಳಾಗಿ ಹೋಗ್ಲಿ! ನಿಮಗೇನಾಗಿದೆ ಅಂತ ಅರ್ಥ ಆಗ್ತಾ ಇದೆಯಾ?"

"ಆಗ್ತಾ ಇದೆ. ಡೆಂಗಿ ಸೀಸನ್ನು. ಎಲ್ಲಾ ಕಡೆ ಜಾಸ್ತಿ ತೋರಿಸ್ತಾ ಇರತ್ತೆ" ಅಂದರು. ಅಂದು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಅವರು ಅಳುವುದನ್ನು ನಾನು ನೋಡಿದ್ದು ಅದೊಂದೇ ಸಲ.

ಮೂಳೆಯೊಳಗಿನ ಮಜ್ಜೆ ಕೆಟ್ಟಿದೆ, ನಿಧಾನವಾಗಿ ಕೆಡುತ್ತ ಬಂದಿದೆ, ಎರಡು ವರ್ಷವಾದರೂ ಆಗಿರಬೇಕು, ಈಗ ಕ್ಯಾನ್ಸರಿನ ಕಡೆ ತಿರುಗಿದೆ ಅಂತ ಆಸ್ಪತ್ರೆಯಲ್ಲಿ ಹೇಳಿದರು. ಮೊದಲೇ ಬಂದಿದ್ದರೆ ಮಾಡುವುದಕ್ಕೆ ಬೇಕಾದಷ್ಟಿತ್ತು ಅಂತಲೂ ಅಂದರು. ಆ ಡಾಕ್ಟರಿಗೇನು ಗೊತ್ತು, ಇವರು ಎರಡು ವರ್ಷದಿಂದ ವಾರವಾರವೂ ರಕ್ತ ಕೊಡುತ್ತಲೇ ಇದ್ದರು ಅಂತ! ಒಂದೊಂದು ಮೆಷಿನ್ನೂ ಇವರ ಕಿವಿಯಲ್ಲಿ ನಿನಗೆ ಹುಷಾರಿಲ್ಲ, ಹುಷಾರಿಲ್ಲ ಅಂತ ಕೂಗಿದೆ. ಇವರು ಒಂದೊಂದರ ಬಾಯಿಯನ್ನೂ ಮುಚ್ಚಿಸಿ ಬಂದಿದ್ದಾರೆ. ಇದನ್ನು ನೆನೆದರೆ ನನಗೆ ಈಗಲೂ ತಲೆ ಚಚ್ಚಿಕೊಳ್ಳುವ ಹಾಗಾಗುತ್ತದೆ.

"ನನಗೆ ಕಾಯಿಲೆ ಅಂತ ಹೆಂಡ್ತಿಗೆ ಹೇಳಿದೀನಿ. ಈ ಮೆಷಿನ್ ವಿಷಯ ಹೇಳಿಲ್ಲ. ನೀವೂ ಹೇಳ್ಬೇಡಿ ಮೇಡಂ. ಎರಡು ವರ್ಷ ಮೊದಲೇ ಗೊತ್ತಾಗ್ತಿತ್ತು ಅಂತ ಅವಳಿಗೆ ಗೊತ್ತಾಗೋದು ಬೇಡ" ಅಂದರು. ನಾನು ಆಯಿತು ಅಂದೆ.

ಅಲ್ಲಿಂದ ಅವರ ಅಲೆದಾಟ ಶುರುವಾಯಿತು. ಆಸ್ಪತ್ರೆಯಲ್ಲಿ ರಕ್ತ ಹಾಕಿಸಿಕೊಂಡು ಬಂದ ಮರುದಿನ ಸ್ವಲ್ಪ ತ್ರಾಣವಿರುತ್ತಿತ್ತು. ಆಗ ಹೊರಡುತ್ತಿದ್ದರು. ಸ್ಕೂಟರ್ ಓಡಿಸುವ ಶಕ್ತಿ ಇರಲಿಲ್ಲ, ಹಿಂದೆ ಕೂತಿರುತ್ತಿದ್ದರು, ಓಡಿಸುತ್ತಿದ್ದವಳು ನಾನು. ಲ್ಯಾಬಿಗೆ ಹೋದರೆ ಈಗ ತೋಳು ಮಡಚುವವಳೂ ನಾನೇ. ನನ್ನ ರಕ್ತದ ನಂಬರುಗಳನ್ನು ಆಸ್ಪತ್ರೆಯಲ್ಲಿ ಸರಿಯಾಗಿ ನೋಡಿಸಿ ಇಟ್ಟುಕೊಂಡಿದ್ದೆವು, ಜೊತೆಗೆ ಐಸಿನ ಡಬ್ಬಿಯಲ್ಲಿ ಒಂದು ಸೀಸೆ ರಕ್ತವನ್ನೂ ಕೊಂಡಿದ್ದೆವು. ಎಷ್ಟೋ ಕಡೆ ಒಳಗೆ ಬಿಟ್ಟರು. ಅವರು ಕೂತು, ಫ್ಯಾಕ್ಟರನ್ನು ಹಳೆಯ ಜಾಗಕ್ಕೆ ತಂದು, "ಕ್ಷಮಿಸಿ" ಅಂದು ಏಳುತ್ತಿದ್ದರು. ಯಾಕೆ ಕ್ಷಮೆ ಅಂತ ಕೆಲವರಿಗೆ ಅರ್ಥವೇ ಆಗುತ್ತಿರಲಿಲ್ಲ.

ಎಲ್ಲರೂ ಒಳಗೆ ಬಿಡಲಿಲ್ಲ. ಸುಂಕದಕಟ್ಟೆಯಲ್ಲಿ ಅವರ ಮನೆಯಿಂದ ಮೂರು ಬೀದಿ ಆಚೆಗೆ ಒಂದು ಲ್ಯಾಬಿದೆ. ಅದರ ಯಜಮಾನ ವಯಸ್ಸಿನಲ್ಲಿ ಚಿಕ್ಕವನು, ಮಾತಿನಲ್ಲಿ ಬೆಣ್ಣೆ. ಇವರು ವಿಷಯ ಹೇಳಿದಾಗ ಅವನು ಎದ್ದು ಹೋಗಿ ಗಾಜಿನ ಬಾಗಿಲು ಮುಚ್ಚಿ ಬಂದ, ಹೊರಗಿನವರಿಗೆ ಕೇಳದಿರಲಿ ಅಂತ.

"ಸಾರ್, ಈಗ ಏನ್ ಮಾಡ್ಲಿ ನಾನು? ಎರಡು ವರ್ಷದ ರಿಪೋರ್ಟೆಲ್ಲ ತಪ್ಪು ಅಂತ ಬೋರ್ಡ್ ಹಾಕ್ಲಾ?"

"ಬೋರ್ಡ್ ಬೇಡಪ್ಪ. ಮೆಷಿನ್ ಮುಂದೆ ಅರ್ಧ ಗಂಟೆ ಕೂರೋಕೆ ಬಿಡು ಸಾಕು."

"ಇವತ್ತು ಅರವತ್ತು ಬರ್ತಾ ಇದ್ದದ್ದು ನಾಳೆ ನಲವತ್ತು ಬಂದ್ರೆ ಡಾಕ್ಟರುಗಳು ಕೇಳಲ್ವಾ ಸಾರ್? ಯಾಕೆ ಅಂತ? ನನ್ನ ಹೊಟ್ಟೆ ಮೇಲೆ ಹೊಡೀತೀರಾ?"

"ಜನ ಸಾಯ್ತಾರಲ್ಲೋ" ಅಂದೆ ನಾನು.

"ಯಾರೂ ಸತ್ತಿಲ್ಲ ಮೇಡಂ, ಸುಮ್ನೆ ಏನೇನೋ ಮಾತಾಡ್ಬೇಡಿ. ಸಾರ್‌ಗೆ ಹುಷಾರಿಲ್ಲ. ಮನೆಗೆ ಕರ್ಕೊಂಡ್ ಹೋಗಿ, ರೆಸ್ಟ್ ತಗೊಳ್ಲಿ."

ಒಂದು ಎಳನೀರು ತರಿಸಿಕೊಟ್ಟ, ಅದಕ್ಕೇನೂ ಕಡಿಮೆ ಮಾಡಲಿಲ್ಲ. ನನಗೆ ಮೈಯೆಲ್ಲ ಉರಿಯಿತು, ಆ ಎಳನೀರನ್ನು ಅವನ ಮೇಜಿನ ಮೇಲೇ ಕುಕ್ಕಿ ಹೊರಗೆ ಬಂದೆ. ಇವರು ಲ್ಯಾಬಿನ ಮೆಟ್ಟಿಲ ಮೇಲೆ ಕೂತುಬಿಟ್ಟರು. ಒಳಗೆ ಹೋಗುವವರು, ಬರುವವರು ಇವರನ್ನು ದಾಟಿಕೊಂಡೇ ಹೋಗುತ್ತಿದ್ದರು. ಕಂಕುಳಲ್ಲಿ ಮಗು ಎತ್ತಿಕೊಂಡು ಬಂದ ಒಬ್ಬಳಿಗೆ ಇವರು ಏನೋ ಹೇಳಲು ಬಾಯಿ ತೆರೆದರು. ಅವಳು ಭಿಕ್ಷೆಯವನು ಅಂದುಕೊಂಡಳೋ ಏನೋ, ಸೆರಗು ಎಳೆದುಕೊಂಡು ಒಳಗೆ ಹೋದಳು.

ಇನ್ನೊಂದು ಸಲ ಅಲ್ಲಿಗೆ ಹೋಗೋಣ ಅಂತ ಹಟ ಹಿಡಿದರು, ಹೋದೆವು. ಅಷ್ಟರಲ್ಲಿ ಅವನು ಮೆಷಿನ್ನಿನ ಪಾಸ್‌ವರ್ಡನ್ನೇ ಬದಲಾಯಿಸಿದ್ದ. ಈ ವಿಷಯವನ್ನು ಯಾವ ಅಧಿಕಾರಿಗೆ ಬರೆಯಬೇಕೋ ಅವರಿಗೂ ನಾನು ಬರೆದೆ. ಉತ್ತರ ಬಂದಿಲ್ಲ.

ಆಮೇಲಿನ ತಿಂಗಳುಗಳಲ್ಲಿ ಅವರು ಹಾಸಿಗೆ ಹಿಡಿದರು. ಔಷಧಿ ಹಿಡಿಯಲಿಲ್ಲ. ಪ್ಲೇಟ್ಲೆಟ್ ಹತ್ತು ಸಾವಿರಕ್ಕಿಂತ ಕೆಳಗೆ ಬಂದರೆ ಯಾವ ಹೊತ್ತಿನಲ್ಲಾದರೂ ಒಳಗೇ ರಕ್ತ ಸೋರಬಹುದು, ತಡ ಮಾಡದೆ ಕರೆತಂದು ಪ್ಲೇಟ್ಲೆಟ್ ಹಾಕಿಸಿ ಅಂತ ಡಾಕ್ಟರು ಹೇಳಿದ್ದರು. ವಾರಕ್ಕೆರಡು ಸಲ ನಾನೇ ಅವರ ಮನೆಗೆ ಹೋಗಿ ರಕ್ತ ತಂದು, ಮೊದಲೇ ಸರಿಪಡಿಸಿದ್ದ ನನ್ನ ಮೆಷಿನ್ನಿನಲ್ಲಿ ನೋಡಿ ಹೇಳುತ್ತಿದ್ದೆ. ರಕ್ತನಾಳ ಸಿಗುತ್ತಿರಲಿಲ್ಲ. ಎಡಗೈಯೆಲ್ಲ ನೀಲಿ. "ಎಷ್ಟು ಕೊಟ್ಟಿದೆ ಈ ಕೈ, ಈಗ ಸಾಕಾಗಿದೆ ಅದಕ್ಕೆ" ಅನ್ನುತ್ತಿದ್ದರು. ಹೆಂಡತಿ ಒಳ್ಳೆಯ ಹೆಂಗಸು. ನಂಬರ್ ಒಂದಿಷ್ಟು ಮೇಲೆ ಬಂದರೆ ದೇವರ ಮುಂದೆ ತುಪ್ಪದ ದೀಪ ಹಚ್ಚುತ್ತಿದ್ದರು.

ಆ ಶುಕ್ರವಾರ ನನ್ನ ಮೆಷಿನ್ ಕೆಟ್ಟಿತು. ಏನು ಮಾಡಿದರೂ ಎಣಿಸಲಿಲ್ಲ. ಯಾವಾಗಲೂ ಫೋನ್ ಮಾಡುತ್ತಿದ್ದ ಮನುಷ್ಯ ಹಾಸಿಗೆಯಲ್ಲಿ. ಬೇರೆ ಕಂಪನಿಯವನು ಸೋಮವಾರ ನೋಡೋಣ ಅಂದ, ಅವನು ಇವತ್ತಿಗೂ ಬಂದಿಲ್ಲ. ನಾನು ಅವರ ಹೆಂಡತಿಗೆ, "ನಾಳೆ ಸೀದಾ ಆಸ್ಪತ್ರೆಗೇ ಕರ್ಕೊಂಡ್ ಹೋಗಿ, ಅಲ್ಲೇ ರಕ್ತ ನೋಡ್ತಾರೆ" ಅಂತ ಹೇಳಿದೆ. ಆಯಿತು ಅಂದರು. ಶನಿವಾರ ಅವರಿಂದ ಫೋನ್ ಬರಲಿಲ್ಲ, ನಾನು ಮಾಡಿದಾಗ ಯಾರೂ ಎತ್ತಲಿಲ್ಲ, ಆಸ್ಪತ್ರೆಯಲ್ಲಿರುತ್ತಾರೆ ಅಂದುಕೊಂಡೆ. ಭಾನುವಾರ ಮಧ್ಯಾಹ್ನ ಇವರಿಗೆ ತಲೆನೋವು ಬಂತಂತೆ, ವಾಂತಿಯಾಯಿತಂತೆ, ಆಮೇಲೆ ಮಾತು ನಿಂತಿತಂತೆ. ತಲೆಯೊಳಗೆ ರಕ್ತ ಸೋರಿತ್ತು. ಸಂಜೆಯ ಹೊತ್ತಿಗೆ ಮುಗಿದುಹೋಯಿತು.

ಹನ್ನೊಂದನೆಯ ದಿನದ ಕಾರ್ಯಕ್ಕೆ ಹೋಗಿದ್ದೆ. ಬೀದಿಗೆ ಶಾಮಿಯಾನ ಹಾಕಿದ್ದರು. ಊಟಕ್ಕೆ ಕೂರುವ ಮುಂಚೆ ಅವರ ಹೆಂಡತಿ ನನ್ನ ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು. ಫೋಟೋದ ಮುಂದೆ ದೀಪ, ಪಕ್ಕದಲ್ಲಿ ಅವರ ಕನ್ನಡಕ. ಫೋಟೋದ ಹಿಂದಿನಿಂದ ಒಂದು ರಿಪೋರ್ಟ್ ತೆಗೆದರು.

"ಶನಿವಾರದ್ದು ನೋಡಿ ಮೇಡಂ. ಎಷ್ಟು ಚೆನ್ನಾಗಿತ್ತು! ಹದಿಮೂರು ಸಾವಿರ. ಯಾರ ಕಣ್ಣು ಬಿತ್ತೋ ಏನೋ, ಒಂದೇ ದಿನದಲ್ಲಿ ಹಿಂಗಾಗೋಯ್ತು."

ನಾನು ಕಾಗದದ ತುದಿಯನ್ನು ನೋಡಿದೆ. ಮೂರು ಬೀದಿ ಆಚೆಯ ಲ್ಯಾಬಿನ ಹೆಸರಿತ್ತು.

"ಆಸ್ಪತ್ರೆಗೆ ಹೋಗ್ಲಿಲ್ವಾ?" ಅಂತ ಕೇಳಿದೆ.

"ಅಷ್ಟು ದೂರ ಯಾಕೆ ಅವರನ್ನ ಅಲ್ಲಾಡಿಸೋದು ಅಂತ ನಾನೇ ಇಲ್ಲಿಗೆ ಫೋನ್ ಮಾಡಿದೆ. ಇವರು ನಿದ್ದೆಗಣ್ಣಲ್ಲಿದ್ರು, ಪಾಪ ಲ್ಯಾಬ್‌ನೋರು ಮನೆಗೇ ಬಂದು ರಕ್ತ ತಗೊಂಡ್ ಹೋದ್ರು. ಎದ್ದಮೇಲೆ ರಿಪೋರ್ಟ್ ಕೊಟ್ಟೆ."

"ಅವರು ನೋಡಿದ್ರಾ?"

"ನೋಡಿದ್ರು. ಕನ್ನಡಕ ಹಾಕ್ಕೊಂಡು ನೋಡಿದ್ರು. ಮೊದಲು ಮೇಲ್ಗಡೆ ನೋಡಿದ್ರು, ಆಮೇಲೆ ಕೆಳಗೆ. ನಾನು ಖುಷಿಲಿ ಅತ್ತುಬಿಟ್ಟಿದ್ದೆ, ನನ್ನೇ ನೋಡ್ತಾ ಇದ್ರು. ಹೋಗೋಣ್ವಾ ಆಸ್ಪತ್ರೆಗೆ ಅಂದೆ. ಬೇಡ ಕಣೇ, ಚೆನ್ನಾಗೇ ಇದೆಯಲ್ಲ, ಸೋಮವಾರ ನೋಡೋಣ, ನೀನು ಬಿಸಿಬಿಸಿ ಅಕ್ಕಿರೊಟ್ಟಿ ಮಾಡು ಅಂದ್ರು. ಎರಡು ತಿಂದ್ರು ಮೇಡಂ. ಎಷ್ಟು ದಿನ ಆಗಿತ್ತು ಅವರು ಹಂಗೆ ತಿಂದು."

ಗೊತ್ತಿತ್ತು ಅವರಿಗೆ. ಹದಿಮೂರಲ್ಲ, ಒಂಬತ್ತೂ ಇಲ್ಲ ಅಂತ ಅವರಷ್ಟು ಚೆನ್ನಾಗಿ ಇನ್ಯಾರಿಗೆ ಗೊತ್ತಿರಲು ಸಾಧ್ಯ? ಆ ಮೆಷಿನ್ ಎಷ್ಟು ಏರಿಸಿ ಹೇಳುತ್ತದೆ ಅಂತ ಅದಕ್ಕೆ ಕಲಿಸಿದವರೇ ಅವರು. ಹೆಂಡತಿಯ ಸಂತೋಷ ಕೆಡಿಸಲಾರದೆ ಸುಮ್ಮನಾದರೋ, ಸಾಕಾಗಿ ಸುಮ್ಮನಾದರೋ, ಆ ಮೆಟ್ಟಿಲ ಮೇಲೆ ಕೂತ ದಿನವೇ ಮನಸ್ಸಿನಲ್ಲಿ ಏನಾದರೂ ತೀರ್ಮಾನ ಮಾಡಿಕೊಂಡಿದ್ದರೋ, ನನಗೆ ತಿಳಿಯದು. ನನಗೆ ಒಂದು ಫೋನ್ ಮಾಡಬಹುದಿತ್ತು. ಅವರ ಮೇಲೆ ನನಗೆ ಸಿಟ್ಟಿದೆ. ಸತ್ತವರ ಮೇಲೆ ಸಿಟ್ಟಿಟ್ಟುಕೊಂಡು ಏನು ಮಾಡಲಿ ಅಂತಲೂ ಗೊತ್ತಿಲ್ಲ.

ಅವರ ಹೆಂಡತಿ ರಿಪೋರ್ಟನ್ನು ಮಡಚಿ ಮತ್ತೆ ಫೋಟೋದ ಹಿಂದೆ ಇಟ್ಟರು. "ಆ ಲ್ಯಾಬ್‌ನೋರಿಗೂ ಊಟಕ್ಕೆ ಹೇಳಿದೀನಿ. ಕೊನೇಲಿ ಒಂದು ಒಳ್ಳೆ ಸುದ್ದಿ ಕೊಟ್ಟೋರು ಅವರೇ ಅಲ್ವಾ? ನನಗೂ ಈಗೀಗ ತಲೆ ಸುತ್ತತ್ತೆ ಮೇಡಂ, ನಾಳೆ ಅಲ್ಲೇ ಹೋಗಿ ರಕ್ತ ಕೊಟ್ಟು ಬರ್ತೀನಿ, ಹತ್ರ."

"ಬೇಡ" ಅಂದೆ. ಜೋರಾಗಿಯೇ ಅಂದುಬಿಟ್ಟೆ. ಬಾಗಿಲಲ್ಲಿದ್ದವರು ತಿರುಗಿ ನೋಡಿದರು. ಮುಂದಿನ ಮಾತು ಬಾಯಿಗೆ ಬಂದಿತ್ತು. ಫೋಟೋ ಕಡೆ ನೋಡಿ ನುಂಗಿಕೊಂಡೆ. "ಅಲ್ಲಿ ಬೇಡ, ನನ್ನ ಹತ್ರ ಬನ್ನಿ."

"ಓ, ನಿಮ್ಮ ಮೆಷಿನ್ ಸರಿಹೋಯ್ತಾ?"

"ಇಲ್ಲ" ಅಂದೆ. "ಸರಿ ಮಾಡೋರು ಇನ್ನೂ ಸಿಕ್ಕಿಲ್ಲ."